ಆರಾಮ ಅಂದವರ ರಕ್ತ

ಅವ್ವಾ,

ಹೂವಿನ ಹಿಪ್ಪರಗಿಯ ಆಸ್ಪತ್ರೆಗೆ ನೀನು ವರ್ಷಾವರ್ಷ ಉಪವಾಸವಿದ್ದು ಹೋಗಿ ರಕ್ತ ಕೊಟ್ಟು ಬರುತ್ತಿದ್ದೆಯಲ್ಲ, ಆ ಆರೋಗ್ಯ ಅಧ್ಯಯನದ ಮಾಹಿತಿ ಬಳಸಲು ನನಗೆ ಕೊನೆಗೂ ಅನುಮತಿ ಸಿಕ್ಕಿತು. ಹೋದ ವಾರ ಕಂಪ್ಯೂಟರಿನಲ್ಲಿ ತೆರೆದೆ. ಹೆಸರುಗಳಿಲ್ಲ, ಬರೀ ಸಂಖ್ಯೆಗಳು. ಯಾರನ್ನೂ ಗುರುತು ಹಿಡಿಯುವುದಿಲ್ಲ ಎಂದು ಸಹಿ ಮಾಡಿದ್ದೇನೆ. ನಿನ್ನನ್ನು ಹುಡುಕಲಿಲ್ಲ.

ನನ್ನ ಜೊತೆ ಕೆಲಸ ಮಾಡುವ ಮೈಸೂರಿನ ಸುಚೇತಾ ಕೇಳಿದಳು: "ರಕ್ತದಲ್ಲಿ ಸಕ್ಕರೆ ಇಷ್ಟೊಂದು ಏರಿದೆ. ಆದರೂ 'ಹೇಗಿದ್ದೀರಿ' ಅಂದ್ರೆ ನಿಮ್ಮ ಬಾಗೇವಾಡಿ ಕಡೆ ಹೆಂಗಸರೆಲ್ಲ 'ಆರಾಮ' ಅಂದಿದ್ದಾರಲ್ಲ. ತೊಂದರೆ ಇಲ್ಲ ಅಂತ ತಗೊಳ್ಳೋಣ್ವಾ?"

"ಬ್ಯಾಡ್ರಿ," ಎಂದೆ. "ಮನಿಗೆ ಬಂದವರು ಕೇಳಿದ್ರ ನಮ್ಮ ಕಡಿ ಹಂಗ ಅನ್ನೂದು. ಜ್ವರಾ ಬಂದು ಮಲಗಿದ್ರೂ ಹಂಗ ಅಂತೇವಿ."

ಆ ಉತ್ತರ ಬಿಟ್ಟು ನಿಮ್ಮೆಲ್ಲರ ರಕ್ತವನ್ನೇ ನಂಬಿದೆವು. ಇನ್ನು ಮುಂದೆ ಊರಿನ ಹೆಣ್ಣುಮಕ್ಕಳಿಗೆ "ಎಲ್ಲಿ ನೋಯತೈತಿ?" ಎಂದೇ ಕೇಳಬೇಕೆಂದು ಅಧ್ಯಯನ ನಡೆಸುವವರಿಗೆ ಬರೆದು ಕಳಿಸಿದ್ದೇವೆ. ಇಷ್ಟು ತಿಳಿದದ್ದು ನೀವೆಲ್ಲ ತಪ್ಪದೆ ಹೋಗಿ ಕೈ ಚಾಚಿದ್ದರಿಂದ. ನಿಮ್ಮ ಉಪಕಾರ ದೊಡ್ಡದು.

ನೀನಿದ್ದಾಗ, ಭಾನುವಾರ ಫೋನು ಮಾಡಿದಾಗಲೆಲ್ಲ "ಆರಾಮ ಅದೀನವಾ, ನೀ ಹ್ಯಾಂಗದಿ?" ಅನ್ನುತ್ತಿದ್ದೆ.

ನಾನೂ ಆರಾಮ ಅದೀನಿ, ಅವ್ವಾ.