ಒಂದು ಲಕ್ಷದ ಮೂರು

ಮಾರ್ಚ್ 6, ಗುರುವಾರ

8.07ರ ಲೋಕಲ್. ಕಿಟಕಿ ಸಿಗಲಿಲ್ಲ. ಎಂದಿನಂತೆ ಡೊಂಬಿವಲಿಯಲ್ಲಿ ನಾನು ಸಂಖ್ಯೆ ಕೊಟ್ಟೆ. ಠಾಣೆ ಸ್ಟೇಶನ್ ಬರುವುದರೊಳಗೆ ನಮ್ಮ ರೈಲು ಗುಂಪಿನ ಪ್ರಭುದೇವ ಮನಸ್ಸಿನಲ್ಲೇ ಲೆಕ್ಕ ಹಾಕಿ ಹೇಳಬೇಕು — ಭಾಗ ಹೋಗುತ್ತದೋ, ಪ್ರೈಮೋ. ಪೆನ್ನಿಲ್ಲ, ಫೋನಿಲ್ಲ. ಇಂದಿನದು 1,00,003.

ಮುಂಬ್ರಾ ದಾಟಿದ ಮೇಲೆ ಕಣ್ಣು ತೆರೆದರು.

"ಪ್ರೈಮ್ ಐತಿ. ಒಂದು ಬಿಟ್ರ, ತನ್ನನ್ನ ಬಿಟ್ರ, ಯಾವುದಕ್ಕೂ ಬಗ್ಗೂದಿಲ್ಲ. ಉಡುಪಿ ಮಂದಿ ಇಡ್ಲಿ ಎಣಸ್ರಿ ಕಮಲಾಕ್ಷ, ಇದು ನಿಮ್ಮ ಕೆಲಸಲ್ಲ!"

ಗುಂಪೆಲ್ಲ ನಕ್ಕಿತು. ಗುಂಪಿನ ಹುಡುಗ ಸುನಿಲ ಬೇರೆ, ನಾನು ಇವತ್ತೂ ಸೋತೆನೆಂದು — "ಅಂಕಲ್, ಆಜ್ ಭೀ ಗಯೇ!"

ಉತ್ತರ ಸರಿ. ಮನೆಯಲ್ಲೇ ಕಂಪ್ಯೂಟರಿನಲ್ಲಿ ನೋಡಿಕೊಂಡು ಬಂದಿದ್ದೆ. ಆದರೂ ಬಾಯಿಗೆ ಬಂತು — "ತಪ್ಪು ಮಾರಾಯ್ರೆ. ಭಾಗ ಹೋಗ್ತದೆ."

"ಯಾವುದರಿಂದ?"

"ನೀವೇ ಹುಡುಕಿ."

ಮಾರ್ಚ್ 7, ಶುಕ್ರವಾರ

ನಿಮ್ಮ ಉತ್ತರ ಸರಿಯಿತ್ತೆಂದು ಹೇಳಿಬಿಡಬೇಕೆಂದೇ ಹತ್ತಿದ್ದೆ. ಪ್ರಭುದೇವರೇ ಮೊದಲು ಶುರು ಮಾಡಿದರು.

"ಮೂರು ಸಲ ನೋಡೀನ್ರಿ. 313ರ ತನಕ. ಮುಂದಿನ ಪ್ರೈಮ್ 317, ಅದರ ವರ್ಗ ನಿಮ್ಮ ಸಂಖ್ಯೆ ದಾಟತೈತಿ, ನೋಡೂ ಕಾರಣಿಲ್ಲ. ಎಲ್ಲಿ ತಪ್ಪೀನಿ?"

ಸುನಿಲ ಈ ಸಲ ಅವರನ್ನು ನೋಡಿ ನಕ್ಕ. ನನಗೆ ಹಿತವೆನಿಸಿತು... ಹೇಳುವುದನ್ನು ಮುಂದೂಡಿದೆ.

ಮಾರ್ಚ್ 12, ಬುಧವಾರ

ಸೋಮವಾರದಿಂದ ಬೇರೆ ಡಬ್ಬಿಯಲ್ಲಿ ಹತ್ತುತ್ತಿದ್ದೇನೆ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಸುನಿಲ ಹಿಡಿದ.

ಪ್ರಭುದೇವ ಬೇಲಾಪುರದ ಆಫೀಸಿನಲ್ಲಿ ಪ್ಲಾಟುಗಳ ಅಳತೆ ಪರೀಕ್ಷಿಸುವವರು. ಆ ಕೆಲಸದಿಂದ ಬಿಡಿಸಿ ಎಂದು ಅರ್ಜಿ ಕೊಟ್ಟಿದ್ದಾರಂತೆ, ತಮ್ಮ ತಲೆಯ ಮೇಲೇ ನಂಬಿಕೆ ಹೋಗಿದೆಯೆಂದು. ಸುನಿಲನೇ ಹೇಳಿದ.

"ಬೋಲೇ, ದಿಮಾಗ್ ಪೇ ಭರೋಸಾ ನಹೀಂ ರಹಾ."

ನಾನಿಳಿಯಬೇಕಾದ ಘಣಸೋಲಿ ಬಂದದ್ದು ಗೊತ್ತಾಗಲಿಲ್ಲ. ಮುಂದಿನ ಸ್ಟೇಶನ್ನಿನಿಂದ ರಿಕ್ಷಾ.

ಮಾರ್ಚ್ 16, ಭಾನುವಾರ

ಫೋನ್ ಮಾಡಿದೆ. ಹೇಳುವುದಕ್ಕೇ. ಅವರ ಹೆಂಡತಿ ಸೌಭಾಗ್ಯ ಎತ್ತಿದರು.

"ಎಂಥಾ ನಂಬರ್ ಕೊಟ್ಟೀರಿ ಅಣ್ಣಾರ? ರೊಟ್ಟಿ ಆರಿ ಹೋದ್ರೂ ಏಳವಲ್ರು. ಇವತ್ತ ನಕ್ಕಾರ ನೋಡ್ರಿ, ತಗೋರಿ, ಮಾತಾಡ್ರಿ."

"ಸಿಕ್ತು ಕಮಲಾಕ್ಷ! 157 ಗುಣಿಸು 637. ಅರ್ಜಿ ವಾಪಸ್ ತಗೋತೀನಿ. ನಾಳೆ ಎಲ್ಲಾರ ಮುಂದ ಹೇಳೂಣು. ನೀವಂದದ್ದು ಖರೇ ಐತಿ."

"...ಆಯ್ತು" ಅಂದೆ.

ಗುಣಿಸಿ ನೋಡಿದೆ. 1,00,009. ಗುಣಿಸುವುದೂ ಬೇಕಿರಲಿಲ್ಲ. ಏಳೇಳಲೆ ನಲವತ್ತೊಂಬತ್ತು, ಕೊನೆಗೆ ಒಂಬತ್ತೇ ಬರಬೇಕು. ಸಂಖ್ಯೆಯ ಕೊನೆಗಿರುವುದು ಮೂರು. ಮಕ್ಕಳೂ ಹಿಡಿಯುವ ತಪ್ಪು. ಪ್ರಭುದೇವ ಇಂಥ ತಪ್ಪು ಮಾಡಿದ್ದನ್ನು ನಾನು ಕಂಡಿಲ್ಲ. ನನ್ನ ಮಾತನ್ನು ತಮ್ಮ ಲೆಕ್ಕಕ್ಕಿಂತ ಹೆಚ್ಚು ನಂಬಿದರು.

ಮಾರ್ಚ್ 17, ಸೋಮವಾರ. ಬೆಳಿಗ್ಗೆ 7.55, ಡೊಂಬಿವಲಿ ಪ್ಲಾಟ್‌ಫಾರ್ಮ್

ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಎಲ್ಲರ ಮುಂದೆ ಹೇಳಿದರೆ ನನ್ನ ಸುಳ್ಳಿನ ಜೊತೆ ಅವರ ತಪ್ಪೂ ಹೊರಬೀಳುತ್ತದೆ. ಹೇಳದಿದ್ದರೆ ಗುಂಪಿನಲ್ಲಿ ಯಾರಾದರೂ ಫೋನ್ ತೆಗೆದು ಗುಣಿಸುತ್ತಾರೆ. ಸುನಿಲನಂತೂ ಬಿಡುವವನಲ್ಲ.

ಪ್ರಭುದೇವ ಮೆಟ್ಟಿಲಿಳಿದು ಬರುತ್ತಿದ್ದಾರೆ. ಇಸ್ತ್ರಿ ಅಂಗಿ. ದೂರದಿಂದಲೇ ಕೈ ಎತ್ತಿದರು. ಗಾಡಿ ಬರುವ ಮೊದಲು, ಸುನಿಲ ಬರುವ ಮೊದಲು, ಇಲ್ಲೇ ಹೇಳಿಬಿಡುತ್ತೇನೆ. ಪ್ರಭುದೇವರೇ, ಮೊದಲ ದಿನ ನೀವು ಹೇಳಿದ್ದೇ—