ಮುರುಗಲು ಹಣ್ಣನ್ನು ಬಂಗಡೆಯಂತೆ ಕಾಪಾಡಿದವರಿಗೆ

ಘಟ್ಟದ ದಾರಿಯ ಅರಣ್ಯ ತನಿಖಾ ಠಾಣೆಯ ಮಾನ್ಯ ಅಧಿಕಾರಿಗಳೇ,

ಇದೇ ಮೇ ಹನ್ನೊಂದರಂದು ನೀವು ನನ್ನಿಂದ ಇಳಿಸಿಕೊಂಡ ಒಂದು ಬುಟ್ಟಿ ಮುರುಗಲು ಹಣ್ಣನ್ನು ಹತ್ತೊಂಬತ್ತು ತಾಸು ಮಂಜುಗಡ್ಡೆಯಲ್ಲಿ ಹೂತಿಟ್ಟಿರಿ. ಮರುದಿನ ಕೊಡುವಾಗ ‘ಸುಸ್ಥಿತಿಯಲ್ಲಿ ಮರಳಿಸಲಾಗಿದೆ’ ಎಂದು ಚೀಟಿ ಬರೆದು ಮೊಹರು ಒತ್ತಿದಿರಿ. ಮಂಜುಗಡ್ಡೆಯ ಸುದ್ದಿ ಆ ಚೀಟಿಯಲ್ಲಿಲ್ಲ. ಅದರಿಂದಾಗಿ ನಮ್ಮೂರಿನ ಹುಡುಗಿಯೊಬ್ಬಳ ನಾಲ್ಕು ವರ್ಷದ ಸಂಶೋಧನೆ ಇದೇ ಇಪ್ಪತ್ತೆಂಟಕ್ಕೆ ಮುಳುಗಲಿದೆ. ನಿಮ್ಮ ಬೋರ್ಡಿನ ಮೇಲೆ ‘ತನಿಖಾ ಠಾಣೆ’ ಎಂದಿದೆ. ಬಣ್ಣ ಬಳಿಯುವವನನ್ನು ಕರೆಸಿ ‘ತಣಿಕಾ ಠಾಣೆ’ ಎಂದು ತಿದ್ದಿಸಿಬಿಡಿ. ತನಿಖೆಗಿಂತ ತಣಿಸುವುದರಲ್ಲೇ ನಿಮ್ಮ ಕೈ ಪಳಗಿದೆ.

ಹುಡುಗಿಯ ಹೆಸರು ದೀಪಾ. ನನ್ನ ನೆರೆಮನೆಯ ಗಂಗೆಯ ಮಗಳು. ಗಂಗೆ ಸಾರಿನ ಹುಳಿಗೆ ಬಳಸುವ ಮುರುಗಲು ಸಿಪ್ಪೆ ಒಣಗಿಸಿ ಕುಮಟೆಯ ಸಂತೆಯಲ್ಲಿ ಮಾರುವವಳು. ಅಂಗಳದಲ್ಲಿ ಸಿಪ್ಪೆ ಹರವುತ್ತಿದ್ದಾಗ ದೀಪಾ ಒಮ್ಮೆ ನನ್ನನ್ನು ಕೇಳಿದ್ದಳು, “ಮಾಬ್ಲಜ್ಜಾ, ಇಷ್ಟು ಹುಳಿ ಹೊಟ್ಟೆಲಿ ಇಟ್ಕಂಡ್ರೂ ಹಣ್ಣಿಗೆ ಎಂತದೂ ಆಗೂದಿಲ್ವಾ?” ಎಂದು. “ಅದಕ್ಕೆ ಹಲ್ಲಿಲ್ಲ ಮಗಾ, ಜುಂ ಅನ್ನೂದಿಲ್ಲ” ಎಂದೆ. ಆಗ ಅವಳು ನಾಲ್ಕನೇ ಇಯತ್ತೆ. ನನ್ನ ಉತ್ತರ ಅವಳಿಗೆ ಸಾಲಲಿಲ್ಲ. ಈಗ ಘಟ್ಟದ ಮೇಲಿನ ವಿಶ್ವವಿದ್ಯಾಲಯವೊಂದರಲ್ಲಿ ಕೂತು ಸರಿಯಾದ ಉತ್ತರ ಹುಡುಕುತ್ತಿದ್ದಾಳೆ.

ಅವಳು ನನಗೆ ಹೇಳಿಕೊಟ್ಟಿದ್ದನ್ನು ನಿಮಗೂ ಹೇಳುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟ ನನಗೆ ಅರ್ಥವಾದದ್ದು ನಿಮಗೆ ಆಗದೆ ಇರುತ್ತದೆಯೇ? ಹಣ್ಣಿನ ಪ್ರತಿ ಜೀವಕೋಶದ ಒಳಗೂ ರಸದಾನಿ ಎಂಬ ಒಂದು ಚೀಲ. ಆ ಚೀಲದ ಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಪಂಪುಗಳು. ಅವು ಪ್ರೋಟಾನ್ ಎಂಬ ಕಣಗಳನ್ನು ಹೊರಗಿನಿಂದ ಚೀಲದೊಳಕ್ಕೆ ನೂಕುತ್ತಲೇ ಇರುತ್ತವೆ. ಹುಳಿಯೆಲ್ಲ ಚೀಲದೊಳಗೇ ಕೂಡಿಬೀಳುವುದರಿಂದ ಉಳಿದ ಕೋಶಕ್ಕೆ ಏನೂ ಆಗುವುದಿಲ್ಲ. ಪಂಪೆಂದರೆ ಕಬ್ಬಿಣದ್ದಲ್ಲ, ಒಂದು ಕಿಣ್ವ. ಅದಕ್ಕೆ ಎರಡು ಭಾಗ: ಗೋಡೆಯೊಳಗೆ ಹೂತ ಬುಡ, ಗೋಡೆಯ ಹೊರಗೆ ಕೂತ ತಲೆ. ತಲೆ ಇಂಧನ ಒಡೆದು ಬುಡವನ್ನು ತಿರುಗಿಸುತ್ತದೆ, ಬುಡ ಕಣಗಳನ್ನು ದಾಟಿಸುತ್ತದೆ. ಕೆಲಸ ಸಾಕೆನಿಸಿದಾಗ ಕೋಶವೇ ತಲೆಯನ್ನು ಕಳಚಿಡುತ್ತದೆ, ಬೇಕಾದಾಗ ಮತ್ತೆ ಕೂಡಿಸುತ್ತದೆ. ಮುರುಗಲು ಹಣ್ಣಾಗುತ್ತಾ ಹೋದಂತೆ ಎಷ್ಟು ತಲೆ ಕಳಚುತ್ತದೆ, ಯಾರ ಅಪ್ಪಣೆಯಿಂದ ಕಳಚುತ್ತದೆ ಎನ್ನುವುದೇ ದೀಪಾಳ ಪ್ರಶ್ನೆ.

ತಲೆಗೂ ಬುಡಕ್ಕೂ ಸಂಬಂಧ ತಪ್ಪಿದ ಯಂತ್ರ ಹೇಗಿರುತ್ತದೆಂದು ತಿಳಿಯಲು ನೀವು ಸೂಕ್ಷ್ಮದರ್ಶಕ ಕೊಳ್ಳಬೇಕಾಗಿಲ್ಲ, ಕುರ್ಚಿ ಹಿಂದೆ ಸರಿಸಿ ನಿಮ್ಮ ಕಚೇರಿಯನ್ನೇ ಒಮ್ಮೆ ನೋಡಿದರೆ ಸಾಕು. ಆದರೆ ಒಂದು ವ್ಯತ್ಯಾಸವಿದೆ. ತಲೆ ಕಳಚಿದ ಪಂಪು ಇಂಧನವನ್ನೂ ಮುಟ್ಟುವುದಿಲ್ಲವಂತೆ. ನಿಮ್ಮ ಜೀಪಿಗೆ ಆ ಸಂಕೋಚವಿಲ್ಲ.

ಈಗ ಮುಖ್ಯ ಮಾತು. ಅತಿ ತಂಪು ತಾಗಿದರೂ ಈ ತಲೆ ತಾನಾಗಿ ಕಳಚಿ ಬೀಳುತ್ತದೆ. ಆಮೇಲೆ ಹಣ್ಣು ಕಳಚಿಟ್ಟ ತಲೆ ಯಾವುದು, ತಂಪಿಗೆ ಉದುರಿದ್ದು ಯಾವುದು ಎಂದು ದೇವರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ದೀಪಾ ಫೋನಿನಲ್ಲಿ ಮೂರು ಸಲ ಹೇಳಿದ್ದಳು: “ಅಜ್ಜಾ, ನೆರಳಲ್ಲಿ ಇಡಿ, ಎಲೆ ಸುತ್ತಿ, ಐಸ್ ಮಾತ್ರ ಬ್ಯಾಡ.” ನನ್ನ ಹಿತ್ತಿಲ ಮರದಿಂದ ಕಾಯಿ, ದೋರೆ, ಹಣ್ಣು ಮೂರೂ ಇಳಿಸಿದೆವು. ಗಂಗೆ ಹೂ ಕಟ್ಟುವ ದಾರದಿಂದ ಒಂದೊಂದರ ತೊಟ್ಟಿಗೂ ಬಿಳಿ, ಹಳದಿ, ಕೆಂಪು ಗುರುತು ಕಟ್ಟಿಕೊಟ್ಟಳು.

ಬುಟ್ಟಿ ಹಿಡಿದು ದೀಪಾಳಲ್ಲಿಗೆ ಹೊರಟೆ. ನಿಮ್ಮ ಗೇಟಿನಲ್ಲಿ ಬಸ್ಸು ನಿಂತಿತು. ನೀವು ಕೂತಲ್ಲಿಂದಲೇ, “ಇದು ಅರಣ್ಯ ಉತ್ಪನ್ನ, ಪಾಸ್ ಎಲ್ಲಿ?” ಎಂದಿರಿ. ಹಿತ್ತಿಲ ಮರದ್ದು ಎಂದೆ. “ಮರ ಹಿತ್ತಿಲಲ್ಲಿದೆ ಎಂದು ಬರೆಸಿಕೊಂಡು ಬನ್ನಿ.” ಸರಿ, ಎಪ್ಪತ್ತೊಂದು ವರ್ಷದ ಮುದುಕ ತನ್ನ ಮರದ ವಿಳಾಸ ಬರೆಸಲು ಹೊಳನಗದ್ದೆಗೆ ತಿರುಗಿ ಹೊರಟ. ಹೊರಡುವಾಗ ನಿಮ್ಮ ಗಾರ್ಡ್ ದುರ್ಗನಿಗೆ ಎಲ್ಲರೆದುರು ಹೇಳಿದೆ: “ತಮ್ಮಾ, ಐಸ್ ಮುಟ್ಸಬ್ಯಾಡ. ತಲೆ ಕಳಚಿ ಬೀಳ್ತದೆ.”

“ಯಾರ್ದು, ನಮ್ ಸಾಹೇಬ್ರದಾ?” ಎಂದ ದುರ್ಗ. ಇಡೀ ಠಾಣೆ ನಕ್ಕಿತು. ನೀವೂ ನಕ್ಕಿರಿ. “ಇವರ ಮಸ್ಕಿರಿ ಮುಗಿಯುವುದಿಲ್ಲ” ಎಂದಿರಿ.

ಇಲ್ಲಿ ನಾನೂ ಒಂದು ತಪ್ಪೊಪ್ಪಿಕೊಳ್ಳಬೇಕು. ಹೋದ ವರ್ಷ ಇದೇ ಗೇಟಿನಲ್ಲಿ, ಬುಟ್ಟಿಯಲ್ಲೇನು ಎಂದು ಕೇಳಿದ್ದಕ್ಕೆ ‘ಕಾಳಿಂಗನ ಮರಿ’ ಎಂದವನು ನಾನೇ. ನೀವು ಕುರ್ಚಿ ಹತ್ತಿದ ಮೇಲೆ ಬುಟ್ಟಿಯಿಂದ ಎರಡು ಪಡವಲಕಾಯಿ ತೆಗೆದವನೂ ನಾನೇ. ಆ ನೆನಪು ನಿಮಗೆ ಹುಳಿಯಾಗಿ ಉಳಿದಿದ್ದರೆ ಅದು ನ್ಯಾಯವೇ. ಆದರೆ ಸುಳ್ಳು ಹೇಳಿದಾಗ ನಂಬಿ ಕುರ್ಚಿ ಹತ್ತಿದವರು, ನಿಜ ಹೇಳಿದಾಗ ನಂಬದೆ ಕುರ್ಚಿಗೆ ಅಂಟಿ ಕೂತಿರಲ್ಲ, ಇದು ಯಾವ ಇಲಾಖೆಯ ನಿಯಮ?

ಮರುದಿನ ಮಧ್ಯಾಹ್ನ ಕಾಗದ ಹಿಡಿದು ಬಂದರೆ ಬುಟ್ಟಿ ಕಾಣಿಸಲಿಲ್ಲ. ದುರ್ಗ ಹೆಮ್ಮೆಯಿಂದ ಒಂದು ಥರ್ಮಾಕೋಲ್ ಪೆಟ್ಟಿಗೆ ತೆರೆದ. ಅವನು ತೆಂಗಿನಗುಂಡಿಯವನು, ಮೀನಿನ ಮನೆಯವನು. ಕೆಡುವ ವಸ್ತು ಕಂಡರೆ ಐಸ್ ಹಾಕುವುದು ಅವನ ಮನೆತನದ ಮರ್ಯಾದೆ. ಹಿಂದಿನ ಸಂಜೆಯೇ ಘಟ್ಟ ಹತ್ತುವ ಮೀನಿನ ಲಾರಿ ನಿಲ್ಲಿಸಿ, ಐಸ್ ಬೇಡಿ ತಂದಿದ್ದ.

“ಕಾಣಿ ಅಜ್ಜಾ, ಬಂಗಡೆ ಇಟ್ಟಂಗೆ ಇಟ್ಟಿದೆ. ಒಂದೂ ಕೆಟ್ಟಿಲ್ಲ!”

“ಯಾರು ಹೇಳಿದ್ರಾ ನಿಂಗೆ?”

“ಸಾಹೇಬ್ರೇ. ಕೆಟ್ರೆ ನಮ್ ಮೇಲೆ ಬತ್ತದೆ, ಐಸ್ ಹಾಕು ಅಂದ್ರು.” ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಕೇಳಿದ, “ಎಂತ ಅಜ್ಜಾ, ನಿನ್ನೆ ಹೇಳಿದ್ದು ಖರೇನಾ?”

ದುರ್ಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಒಳ್ಳೆಯದು ಮಾಡಲು ಹೋದ. ನೀವು ಬರೀ ನಿಮ್ಮ ತಲೆ ಉಳಿಸಿಕೊಳ್ಳಲು ಹೋದಿರಿ, ಹಣ್ಣಿನ ತಲೆಗಳು ಉದುರಿದವು. ಆದರೂ ಏನಾದರೂ ಉಳಿದಿರಬಹುದೆಂದು ಆಸೆಯಿಂದ ಬುಟ್ಟಿ ಹೊತ್ತು ಹೋದೆ. ದೀಪಾ ಒಂದು ಹಣ್ಣನ್ನು ಕೆನ್ನೆಗೆ ತಾಗಿಸಿ ನೋಡಿದಳು. “ಅಜ್ಜಾ, ಇದೆಂತಕ್ಕೆ ಹಿಂಗೆ ತಣ್ಣಗೆ?” ಎಂದಳು. ನಾನು ನಿಮ್ಮ ಮೊಹರಿನ ಚೀಟಿಯನ್ನು ಅವಳ ಕೈಗಿಟ್ಟೆ.

ಪರೀಕ್ಷೆಯಲ್ಲಿ ಬಿಳಿ ದಾರ, ಹಳದಿ ದಾರ, ಕೆಂಪು ದಾರ ಎಲ್ಲದರಲ್ಲೂ ಒಂದೇ ಕತೆ, ತಲೆ ಕಳಚಿವೆ. ಹಿಂದಿನ ಮೂರು ವರ್ಷ ಕಂಡದ್ದಕ್ಕೆ ಪೂರಾ ಉಲ್ಟಾ. ಐಸಿನಿಂದ ಹೀಗಾಯಿತು ಎಂದು ಅವಳು ಹೇಳಿದರೆ ಅವಳ ಮೇಲಿನವರು ನಿಮ್ಮ ಚೀಟಿ ತೋರಿಸುತ್ತಾರೆ. ಸರ್ಕಾರಿ ಮೊಹರೇ ಸುಸ್ಥಿತಿ ಎನ್ನುತ್ತಿದೆ, ಹಾಗಾದರೆ ನಿನ್ನ ಕೈಯೇ ಸರಿಯಿಲ್ಲ, ಹಳೆಯ ಲೆಕ್ಕಗಳನ್ನೂ ನಂಬುವುದು ಹೇಗೆ ಎನ್ನುತ್ತಾರೆ. ಇಪ್ಪತ್ತೆಂಟರ ಸಭೆಯಲ್ಲಿ ವಿಷಯವನ್ನೇ ಕೈಬಿಡಿಸುತ್ತಾರಂತೆ. ಈ ಮಾತನ್ನು ನಿಮಗೆ ಹೇಳಲು ಎರಡು ಸಲ ಬಂದೆ. “ಕೆಡದಂತೆ ಕಾಪಾಡಿದ್ದಕ್ಕೆ ನೀವು ಉಪಕಾರ ನೆನೆಯಬೇಕು ಯಜಮಾನರೇ” ಎಂದಿರಿ. ನೆನೆಯುತ್ತಲೇ ಇದ್ದೇನೆ. ಇದೋ ಈ ಬಹಿರಂಗ ಪತ್ರದಲ್ಲಿ ಊರಿಗೆಲ್ಲ ಕೇಳುವಂತೆ ನೆನೆಯುತ್ತಿದ್ದೇನೆ.

ನನಗೆ ಬೇಕಾದದ್ದು ಎರಡು. ನಿಮ್ಮ ಚೀಟಿಯ ಕೆಳಗೆ ಒಂದೇ ಸಾಲು ಸೇರಿಸಿ: ‘ನನ್ನ ಸೂಚನೆಯಂತೆ ಹತ್ತೊಂಬತ್ತು ತಾಸು ಮಂಜುಗಡ್ಡೆಯಲ್ಲಿ ಇಡಲಾಗಿತ್ತು.’ ಅದರ ಮೇಲೂ ಅದೇ ಮೊಹರು. ಇನ್ನೊಂದು, ನನ್ನ ಮರದ ಬಡಗಣ ಕೊಂಬೆಯಲ್ಲಿ ಇನ್ನೂ ಒಂದು ಬುಟ್ಟಿಯಷ್ಟು ಉಳಿದಿದೆ. ಮಳೆ ಬಿದ್ದರೆ ಅದೂ ಹೋಯಿತು, ಮುಂದಿನ ಹಣ್ಣಿಗೆ ಮುಂದಿನ ವರ್ಷ. ಬರುವ ಸೋಮವಾರ ಬೆಳಗಿನ ಬಸ್ಸಿಗೆ ತರುತ್ತೇನೆ. ಗೇಟು ಎತ್ತಿಸಿ.

ಅನುಮಾನ ಬೇಡ, ಈ ಸಲ ಬುಟ್ಟಿಗೆ ಮುಚ್ಚಳವೇ ಹಾಕುವುದಿಲ್ಲ. ನನ್ನ ಐವತ್ತು ವರ್ಷದ ಮಸ್ಕಿರಿಗೆ ದಂಡ ತೆರಬೇಕಾದವನು ನಾನು. ನನ್ನನ್ನು ಬೇಕಾದರೆ ಹತ್ತೊಂಬತ್ತು ತಾಸು ಐಸಿನಲ್ಲಿಡಿ. ಹಣ್ಣನ್ನು ಬಿಟ್ಟುಬಿಡಿ.

ಇಂತಿ,
ಖರೆ ಹೇಳಿದ ದಿನವೇ ನಗೆಪಾಟಲಾದ
ಮಾಬ್ಲ, ಹೊಳನಗದ್ದೆ
೧೯ ಮೇ ೨೦೦೪