ಗುರುವಾರದ ಸೂಪ್

ಅಮ್ಮನವರಿಗೆ ನಮಸ್ಕಾರ.

ನಿಮ್ಮ ಮಗ ಕಾವಲಿನಲ್ಲಿರುವ ಮಾನಸಿಕ ಚಿಕಿತ್ಸಾ ಘಟಕದ ಮುಖ್ಯಸ್ಥೆ ನಾನು. ಕೋರ್ಟಿಗೆ ವರದಿ ಬೇರೆಯೇ ಹೋಗಿದೆ. ಇದು ನಿಮಗೆ ಮಾತ್ರ.

ಮೂರು ವರ್ಷಗಳಲ್ಲಿ ಮೊದಲ ಸಲ, ನಿನ್ನೆ ಅಡುಗೆ ತರಗತಿಯಲ್ಲಿ ಅವನ ಕೈಗೆ ಚಾಕು ಕೊಟ್ಟೆ, ಮೇಜಿಗೆ ಸರಪಳಿಯಿಂದ ಬಿಗಿದ ಚಾಕು. ಸುಳ್ಳೇಕೆ ಹೇಳಲಿ, ನನ್ನ ಜೀವ ಬಾಯಿಗೆ ಬಂದಿತ್ತು. ಅವನು ಒಂದು ಕ್ಯಾರೆಟ್ ಸಣ್ಣಗೆ ಹೆಚ್ಚಿ, ಚಾಕು ಕೆಳಗಿಟ್ಟು ಕೇಳಿದ: "ಮೇಡಂ, ಅಮ್ಮನ ಬಲಗೈ ನಾನೇ ಹಾಳು ಮಾಡ್ದೆ. ಈಗ ತರಕಾರಿ ಯಾರು ಹೆಚ್ಚಿಕೊಡ್ತಾರೆ?"

ಹೆಚ್ಚಿದ್ದನ್ನು ನಿಮಗೆ ಕಳಿಸಬೇಕಂತೆ. ಅಡುಗೆಮನೆಯಿಂದ ಏನೂ ಹೊರಹೋಗಬಾರದೆಂದು ನಿಯಮ ಮಾಡಿದ ಪುಣ್ಯಾತ್ಗಿತ್ತಿ ನಾನೇ. ಗುರುವಾರ ನಾಲ್ಕಕ್ಕೆ ಎಲ್ಲರೂ ಸೇರಿ ಸೂಪ್ ಮಾಡುತ್ತಾರೆ. ಬರಲೇಬೇಕೆಂದಿಲ್ಲ. ಬಂದರೆ ಬಾಗಿಲ ಪಕ್ಕದ ಕುರ್ಚಿ ನಿಮಗೆ; ನಿಮ್ಮಿಬ್ಬರ ನಡುವೆ ನಾನಿರುತ್ತೇನೆ. ನಿಮ್ಮ ಚಮಚ ಎಡಗಡೆ ಇಡಬೇಕೆಂದು ಅವನು ಆಗಲೇ ಹೇಳಿದ್ದಾನೆ.

ಇಂತಿ,
ನಿಮ್ಮ ಮಗನ ಡಾಕ್ಟರಮ್ಮ